ತಮ್ಮನ ಮನೆಗೆ ಕ್ಯಾಮೆರಾ, ಸೆನ್ಸರ್, ವಿಡಿಯೋ ಕರೆ: ಮೂರನ್ನೂ ನೋಡಿಯಾಯಿತು

ನಾನಿರುವುದು ಬೀದರಿನಲ್ಲಿ, ತಮ್ಮ ಕಲಬುರಗಿಯಲ್ಲಿ. ಅವನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ತೊಗರಿಬೇಳೆ ಮಿಲ್ಲಿನಲ್ಲಿ ಚೀಲ ಹೊಲಿಯುತ್ತಾನೆ, ಅನ್ನ-ಸಾರು ಮಾಡಿಕೊಳ್ಳುತ್ತಾನೆ, ರೊಟ್ಟಿಯನ್ನು ಖಾನಾವಳಿಯಿಂದ ತರುತ್ತಾನೆ. ಗಡಿಯಾರ, ದುಡ್ಡಿನ ಲೆಕ್ಕ ಮಾತ್ರ ಹತ್ತುವುದಿಲ್ಲ. ಅವ್ವ ತೀರಿಕೊಂಡ ಮೇಲೂ ಮನೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದ.

ಮೊದಲು ಅಡುಗೆಮನೆಗೆ ಕ್ಯಾಮೆರಾ ಹಾಕಿಸಿದೆ. ಅದು ನನಗೇ ಚಟವಾಯಿತು. ಕಚೇರಿಯಲ್ಲಿ ಕುಳಿತು ಅವನು ಎಷ್ಟು ಸಲ ಫ್ರಿಜ್ ತೆರೆದನೆಂದು ಎಣಿಸುತ್ತಿದ್ದೆ. ಒಮ್ಮೆ ಅದರ ಸ್ಪೀಕರಿನಲ್ಲಿ "ಗ್ಯಾಸ್ ಆರಿಸು" ಎಂದು ಕೂಗಿದಾಗ ಬೆಚ್ಚಿಬಿದ್ದು ಸಾರು ಚೆಲ್ಲಿದ. ಒಂಬತ್ತನೆಯ ದಿನ ಪರದೆ ಕಪ್ಪಾಯಿತು. ಕೆಟ್ಟಿತೇನೋ ಎಂದುಕೊಂಡರೆ, ಅವ್ವನ ಹಳೆಯ ಸೀರೆಯ ತುಂಡನ್ನು ಕ್ಯಾಮೆರಾಕ್ಕೆ ಸುತ್ತಿ ಗಂಟು ಹಾಕಿದ್ದ. "ಅಕ್ಕಾ, ನಿನ್ನ ಮನೆಯೊಳಗೆ ನಾನು ಇಣುಕುತ್ತೇನೆಯೇ?" ಎಂದ. ಅಂಗವಿಕಲರು ಇಂಥದೇ ವ್ಯವಸ್ಥೆಯಲ್ಲಿ ಬದುಕಬೇಕೆಂಬ ಬಲವಂತ ಇರದಂತೆ ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ 2016ರ ಹಕ್ಕುಗಳ ಕಾಯ್ದೆಯ 5ನೇ ಕಲಂ. ಸರ್ಕಾರದ ಮಾತಿರಲಿ, ಇಲ್ಲಿ ಬಲವಂತ ಮಾಡುತ್ತಿದ್ದವಳು ನಾನು.

ಬಾಗಿಲಿನ ಸೆನ್ಸರ್ ಅವನ ಮಾನ ಕಾಯುತ್ತದೆ: ಬಾಗಿಲು ತೆರೆಯಿತು, ಮುಚ್ಚಿತು, ಅಷ್ಟೇ ತಿಳಿಸುತ್ತದೆ. ಆದರೆ ಕರೆಂಟು ಹೋದರೆ ವೈಫೈ ಸಾಯುತ್ತದೆ, ಸುದ್ದಿಯೂ ನಿಲ್ಲುತ್ತದೆ. ಒಂದು ದಿನ ಹತ್ತು ಗಂಟೆಯಾದರೂ ಬಾಗಿಲು ತೆರೆಯಲಿಲ್ಲ. ಜೀವ ಕೈಯಲ್ಲಿ ಹಿಡಿದು ಫೋನ್ ಮಾಡಿದರೆ, ಅಮಾವಾಸ್ಯೆ ಎಂದು ಮಿಲ್ಲಿಗೆ ರಜೆ, ಹಾಯಾಗಿ ಮಲಗಿದ್ದ.

ಉಳಿದದ್ದು ವಿಡಿಯೋ ಕರೆ. ಸಂಜೆ ಏಳಕ್ಕೆ ಅವನ ಮೊಬೈಲಿನ ಅಲಾರಾಂ ನನ್ನದೇ ಧ್ವನಿಯಲ್ಲಿ ಕೂಗುತ್ತದೆ, ಅವನೇ ಕರೆ ಮಾಡುತ್ತಾನೆ. ಅವನು ಮಾಡಬೇಕು, ನಾನು ಮಾಡಕೂಡದು. ಈ ಕರಾರು ಅವನದು. ಮೊದಮೊದಲು "ಊಟ ಆಯಿತೇ? ಗ್ಯಾಸ್ ಬಂದ್ ಮಾಡಿದೆಯಾ?" ಎಂದು ಕೇಳುತ್ತಿದ್ದೆ. ಎಲ್ಲದಕ್ಕೂ "ಹೂಂ" ಎನ್ನುತ್ತಿದ್ದ. ಹಸಿದಿದ್ದರೂ ಹೂಂ. ಈಗ ಕೇಳುವುದಿಲ್ಲ, "ತೋರಿಸು" ಎನ್ನುತ್ತೇನೆ. ಅರ್ಧ ಪರದೆಗೆ ಅವನ ಹೆಬ್ಬೆರಳು, ಉಳಿದರ್ಧದಲ್ಲಿ ಸಿಲಿಂಡರಿನ ರೆಗ್ಯುಲೇಟರ್, ಆಮೇಲೆ ಮಾತ್ರೆಯ ಪಟ್ಟಿ, ಕೊನೆಗೆ ತೊಳೆದಿಟ್ಟ ತಟ್ಟೆ. ನಾಲ್ಕು ನಿಮಿಷದ ಕೆಲಸ.

ನನ್ನ ಆಯ್ಕೆ ಇದೇ. ರಾತ್ರಿಗಾಗಿ ಸೆನ್ಸರನ್ನು ಅವನ ಒಪ್ಪಿಗೆ ಪಡೆದು ಉಳಿಸಿಕೊಂಡೆ, ಕ್ಯಾಮೆರಾ ಕಪಾಟಿನಲ್ಲಿದೆ. ಆದರೆ ಜ್ವರ ಬಂದ ದಿನ ಅವನು ಕರೆಯನ್ನೇ ಮಾಡಲಿಲ್ಲ. ಪಕ್ಕದ ಮನೆಯ ಕಾಕುವಿನ ಬಳಿ ಇನ್ನೊಂದು ಕೀಲಿಕೈ ಇತ್ತು. ಸ್ವಲ್ಪ ಹೊತ್ತಿಗೆ ಸೆನ್ಸರ್ "ಬಾಗಿಲು ತೆರೆದಿದೆ" ಎಂದಿತು. ಗಂಜಿ ಹಿಡಿದು ಒಳಗೆ ಹೋದವರು ಅವರು.