50 ಗಿಡಗಳ ಹನಿ ನೀರಾವರಿ ಕಿಟ್: ಕರಾವಳಿಯ ಅಂಗಳಕ್ಕೆ ಹೇಗಿದೆ?

ಪೆಟ್ಟಿಗೆಯ ಮೇಲೆ '50 ಗಿಡಗಳಿಗೆ' ಎಂದು ಬರೆದು ಆನ್‌ಲೈನಿನಲ್ಲೂ ಪೈಪ್ ಅಂಗಡಿಗಳಲ್ಲೂ ಮಾರುವ ಮನೆತೋಟದ ಡ್ರಿಪ್ ಕಿಟ್‌ಗಳ ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. 16 ಮಿ.ಮೀ.ನ ಕಪ್ಪು ಪೈಪ್, ಅದರಿಂದ ಗಿಡದ ಬುಡಕ್ಕೆ ಹೋಗುವ 4 ಮಿ.ಮೀ.ನ ಸಣ್ಣ ಪೈಪ್, 50 ಡ್ರಿಪ್ಪರ್, ಟೀ, ಎಲ್ಬೋ, ಎಂಡ್ ಕ್ಯಾಪ್, ನಳ್ಳಿಗೆ ಸಿಕ್ಕಿಸುವ ಅಡಾಪ್ಟರ್, ತೂತು ಹೊಡೆಯುವ ಪಂಚ್. ಕೆಲವದರಲ್ಲಿ ಸಣ್ಣ ಫಿಲ್ಟರ್ ಇರುತ್ತದೆ, ದುಬಾರಿಯದರಲ್ಲಿ ಟೈಮರ್ ಕೂಡ.

ಕೊಳ್ಳಬಹುದೇ ಎಂದರೆ, ಖಂಡಿತ ಕೊಳ್ಳಿ. ಆದರೆ ಪೆಟ್ಟಿಗೆಯಲ್ಲಿ ಬಂದ ಹಾಗೇ ಜೋಡಿಸಬೇಡಿ. ಈ ಕಿಟ್‌ಗಳು ಒತ್ತಡ ಚೆನ್ನಾಗಿರುವ, ಕಬ್ಬಿಣದ ಅಂಶವಿಲ್ಲದ ನೀರನ್ನು ನೆನೆದು ಮಾಡಿದವು. ಮಂಗಳೂರು, ಉಡುಪಿಯ ಬಹಳ ಮನೆಗಳಲ್ಲಿ ಎರಡೂ ಇಲ್ಲ.

ಮೊದಲು ಉಳಿತಾಯದ ಲೆಕ್ಕ. 10 ಅಡಿ ಅಗಲದ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 2,200 ಲೀಟರ್. ಅರ್ಧ ಇಂಚಿನ ಹೋಸ್ ಪೈಪಿನಲ್ಲಿ 15 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬಿದರೆ, ದಿನಕ್ಕೆ 20 ನಿಮಿಷ ನೀರು ಬಿಟ್ಟಾಗ 300 ಲೀಟರ್ ಹೋಗುತ್ತದೆ. ವಾರಕ್ಕೆ 2,100 ಲೀಟರ್, ಅಂದರೆ ಹೆಚ್ಚುಕಡಿಮೆ ಬಾವಿಯ ಒಂದು ಅಡಿ. ಅದೇ 50 ತರಕಾರಿ ಗಿಡಗಳಿಗೆ ಬುಡಕ್ಕೊಂದರಂತೆ ಒಂದೂವರೆ ಲೀಟರ್ ಹನಿಸಿದರೆ ದಿನಕ್ಕೆ 75 ಲೀಟರ್ ಸಾಕು. ಆ ಒಂದು ಅಡಿ ನಾಲ್ಕು ವಾರ ಬರುತ್ತದೆ. ಒರತೆಯ ನೀರನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ, ಏಪ್ರಿಲಿನಲ್ಲಿ ಹಿಡಿಯುವಷ್ಟು ಇರುವುದೂ ಇಲ್ಲ.

ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಬೀಳುವ ಊರಲ್ಲಿ ಇಷ್ಟು ಜಿಪುಣತನ ಏಕೆ ಎಂದು ಕೇಳುವವರಿದ್ದಾರೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ (ಲ್ಯಾಟರೈಟ್) ನೆಲ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಇಳಿಜಾರಿನಲ್ಲಿ ತೋಡಿಗೆ, ಹೊಳೆಗೆ ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಮಂಗಳೂರು ತುಂಬೆಯ ಕಿಂಡಿ ಅಣೆಕಟ್ಟನ್ನು, ಉಡುಪಿ ಸ್ವರ್ಣಾ ನದಿಯ ಬಜೆಯನ್ನು ನೋಡಿಕೊಂಡು ದಿನ ದೂಡುತ್ತವೆ. 2019ರಲ್ಲೂ 2023ರಲ್ಲೂ ಮಂಗಳೂರಿನ ನಳ್ಳಿ ನೀರಿಗೆ ರೇಷನಿಂಗ್ ಬಂತು. ಅಂಥ ದಿನಗಳಲ್ಲಿ ಎಲ್ಲರೂ ಬಾವಿಗೇ ತಿರುಗುತ್ತಾರೆ. ಅಳಿವೆ, ಹೊಳೆಬದಿಯ ಬಾವಿಗಳಲ್ಲಿ ಹೀಗೆ ಅತಿಯಾಗಿ ಎತ್ತಿದರೆ ಉಪ್ಪು ನೀರು ಒಳಗೆ ಬರುತ್ತದೆ.

'ಹೆಚ್ಚಾದ ನೀರು ಇಂಗಿ ಬಾವಿಗೇ ವಾಪಸ್ ಹೋಗುತ್ತದಲ್ಲ' ಎಂಬ ಮಾತನ್ನು ನಂಬಬೇಡಿ. ಬೇಸಿಗೆಯಲ್ಲಿ ಒಣಗಿದ ಮೇಲ್ಮಣ್ಣು ಆ ನೀರಿನ ದೊಡ್ಡ ಪಾಲನ್ನು ಹೀರಿಕೊಂಡು ಮಧ್ಯಾಹ್ನದ ಬಿಸಿಲಿಗೆ ಆವಿ ಮಾಡಿಬಿಡುತ್ತದೆ. ಕೆಳಗಿಳಿದ ಪಾಲು ಗೊಬ್ಬರವನ್ನೂ ತೊಳೆದುಕೊಂಡು ಹೋಗುತ್ತದೆ.

ಈಗ ಒತ್ತಡದ ಮಾತು. ಡ್ರಿಪ್ಪರ್ ಮೇಲೆ 'ಗಂಟೆಗೆ 4 ಲೀಟರ್' ಎಂದು ಬರೆದಿರುವುದು ಒಂದು ಬಾರ್ ಒತ್ತಡಕ್ಕೆ, ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ. ಒಂದು ಮಾಳಿಗೆಯ ಮನೆಯ ಟ್ಯಾಂಕಿನಿಂದ ಅಂಗಳಕ್ಕೆ ಸಿಗುವುದು 4 ಮೀಟರ್ ಆಸುಪಾಸು. ಸಾಮಾನ್ಯ ಡ್ರಿಪ್ಪರಿನ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ, 4 ಲೀಟರಿನದು ಇಲ್ಲಿ ಗಂಟೆಗೆ ಎರಡೂವರೆ ಲೀಟರ್ ಕೊಡುತ್ತದೆ. ಟೆರೇಸಿನಲ್ಲೇ ಕುಂಡಗಳಿದ್ದು, ಟ್ಯಾಂಕಿನ ನೀರು ಅವಕ್ಕಿಂತ ಒಂದು ಮೀಟರ್ ಮಾತ್ರ ಮೇಲಿದ್ದರೆ ಒಂದೂಕಾಲು ಲೀಟರ್. ಇದು ಕಿಟ್ಟಿನ ದೋಷವಲ್ಲ. ಸಮಯವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿದರಾಯಿತು. ಪೆಟ್ಟಿಗೆಯ ಲೆಕ್ಕ ನಂಬುವ ಬದಲು, ಒಂದು ಡ್ರಿಪ್ಪರ್ ಕೆಳಗೆ ಲೋಟ ಇಟ್ಟು 6 ನಿಮಿಷ ಬಿಡಿ. ಸಿಕ್ಕಿದ್ದನ್ನು 10ರಿಂದ ಗುಣಿಸಿದರೆ ಗಂಟೆಯ ಲೆಕ್ಕ. ಲೈನಿನ ಮೊದಲ, ನಡುವಿನ, ಕೊನೆಯ ಡ್ರಿಪ್ಪರ್ ಮೂರನ್ನೂ ಅಳೆಯಬೇಕು.

ದೋಷ ಇರುವುದು 'ಪ್ರೆಶರ್ ಕಾಂಪೆನ್ಸೇಟಿಂಗ್' (ಒತ್ತಡ ಏರಿಳಿದರೂ ಒಂದೇ ಹರಿವು ಕೊಡುವ) ಎಂದು ಹೆಚ್ಚು ಬೆಲೆಗೆ ಮಾರುವ ಡ್ರಿಪ್ಪರ್‌ಗಳು ಟ್ಯಾಂಕಿನ ನೀರಿಗೂ ಆಗುತ್ತವೆ ಎನ್ನುವುದರಲ್ಲಿ. ಅವುಗಳೊಳಗಿನ ರಬ್ಬರ್ ಪದರ ಸರಿಯಾಗಿ ಕೆಲಸ ಮಾಡಲು ಅರ್ಧ ಬಾರ್ ಅಥವಾ ಅದಕ್ಕೂ ಮೇಲಿನ ಒತ್ತಡ ಬೇಕು. 4 ಮೀಟರ್ ಎತ್ತರದಲ್ಲಿ ಒಂದು ತೊಟ್ಟಿಕ್ಕಿದರೆ ಇನ್ನೊಂದು ಸುಮ್ಮನಿರುತ್ತದೆ. ಪಂಪಿನಿಂದ ನೇರ ಲೈನ್ ಕೊಡುವವರಿಗೆ ಮಾತ್ರ ಅವು ಸರಿ. ಟ್ಯಾಂಕಿನವರು ಬಿಚ್ಚಿ ತೊಳೆಯಲು ಬರುವ, ಎರಡು ತುಂಡಿನ ಸಾಮಾನ್ಯ ಡ್ರಿಪ್ಪರ್ ಇರುವ ಅಗ್ಗದ ಕಿಟ್ಟನ್ನೇ ಆರಿಸಲಿ. ಎತ್ತರ 2 ಮೀಟರಿಗಿಂತ ಕಡಿಮೆ ಇದ್ದರೆ 8 ಲೀಟರಿನವು ಇನ್ನೂ ಒಳ್ಳೆಯದು. ತೂತು ದೊಡ್ಡದು, ಕಟ್ಟುವುದು ಕಡಿಮೆ. ತಲೆ ತಿರುಗಿಸಿ ಹರಿವು ಹೆಚ್ಚುಕಡಿಮೆ ಮಾಡುವ, ಕೆಂಪು ಟೊಪ್ಪಿಯ ಡ್ರಿಪ್ಪರ್‌ಗಳನ್ನು ಒಂದೇ ಲೈನಿನಲ್ಲಿ ಬೆರೆಸಬೇಡಿ. ಒಂದನ್ನು ಪೂರ್ತಿ ತೆರೆದರೆ ಉಳಿದವುಗಳ ನೀರನ್ನು ಅದೇ ಕುಡಿಯುತ್ತದೆ.

ಗುಡ್ಡೆಯ ಮೇಲಿನ ಮನೆಗಳಿಗೆ ಇನ್ನೊಂದು ಮಾತು. ಒಂದು ಮೀಟರ್ ಏರಿಳಿತಕ್ಕೆ ಹತ್ತನೇ ಒಂದು ಬಾರ್ ವ್ಯತ್ಯಾಸ ಬರುತ್ತದೆ. ಇರುವುದೇ 0.4 ಬಾರ್ ಆದಾಗ ಅದು ಸಣ್ಣದಲ್ಲ. ಹಾಗಾಗಿ 16 ಮಿ.ಮೀ. ಪೈಪನ್ನು ಇಳಿಜಾರಿನ ಉದ್ದಕ್ಕೆ ಇಳಿಸದೆ ಅಡ್ಡಕ್ಕೆ, ಮಟ್ಟವಾಗಿ ಎಳೆಯಿರಿ. ಪ್ರತಿ ತಟ್ಟಿಗೂ ಒಂದು ಸಣ್ಣ ವಾಲ್ವ್ ಇರಲಿ.

ಇನ್ನು ಕೆಂಪು ನೀರು. ಮುರಕಲ್ಲಿನ ನೆಲದ ಬಹಳ ಬಾವಿ, ಬೋರ್‌ಗಳ ನೀರು ಎತ್ತಿದಾಗ ತಿಳಿಯಾಗಿದ್ದು ಗಾಳಿ ತಾಗಿದ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕರಗಿದ್ದ ಕಬ್ಬಿಣ ತುಕ್ಕಿನ ಪುಡಿಯಾಗಿ ಕೂರುತ್ತದೆ, ಅದರ ಜೊತೆ ಕಬ್ಬಿಣದ ಬ್ಯಾಕ್ಟೀರಿಯಾ ಬೆಳೆದು ಲೋಳೆಯಾಗುತ್ತದೆ. ಫಿಲ್ಟರಿನಲ್ಲಿ ತಿಳಿಯಾಗಿಯೇ ದಾಟಿದ ನೀರು ಡ್ರಿಪ್ಪರಿನ ಬಾಯಲ್ಲಿ ಗಾಳಿ ತಾಗಿ ಅಲ್ಲೇ ಗಟ್ಟಿಯಾಗುತ್ತದೆ. ಬೋರಿನಿಂದ ನೇರ ಲೈನ್ ಕೊಟ್ಟಲ್ಲಿ ಡ್ರಿಪ್ಪರ್‌ಗಳು ಬೇಗ ಕಟ್ಟುವುದು ಇದೇ ಕಾರಣಕ್ಕೆ. ಕಿಟ್ಟಿನ ಕೈಪಿಡಿಗಳಲ್ಲಿ ಇದರ ಬಗ್ಗೆ ಒಂದು ಸಾಲು ಬರೆದರೂ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು.

ಉಪಾಯ ಸರಳ. ನೀರನ್ನು ಟ್ಯಾಂಕಿಗೆ ಮೇಲಿನಿಂದ ಧಾರೆಯಾಗಿ ಬೀಳಿಸಿ, ರಾತ್ರಿಯಿಡೀ ತಂಗಲು ಬಿಟ್ಟು, ಬೆಳಿಗ್ಗೆ ಗಿಡಗಳಿಗೆ ಕೊಡಬೇಕು. ತೋಟದ ಲೈನನ್ನು ಟ್ಯಾಂಕಿನ ತಳಕ್ಕಿಂತ 10 ಸೆಂ.ಮೀ. ಮೇಲಿನಿಂದ ತೆಗೆಯಬೇಕು. ಪ್ಲಂಬರ್‌ಗಳು ಸುಲಭಕ್ಕೆಂದು ತಳ ತೊಳೆಯುವ ಔಟ್‌ಲೆಟ್‌ನಿಂದಲೇ ತೋಟಕ್ಕೆ ಲೈನ್ ಕೊಟ್ಟುಬಿಡುತ್ತಾರೆ, ಆಗ ಟ್ಯಾಂಕಿನ ಕೆಸರೆಲ್ಲ ಡ್ರಿಪ್ಪರಿಗೆ. ಕಿಟ್ಟಿನೊಳಗಿನ ಹೆಬ್ಬೆರಳು ಗಾತ್ರದ ಫಿಲ್ಟರನ್ನು ಬದಿಗಿಟ್ಟು, ಮುಕ್ಕಾಲು ಇಂಚಿನ 120 ಮೆಶ್ (ಇಂಚಿಗೆ 120 ಕಣ್ಣಿನ ಜಾಲರಿ) ಸ್ಕ್ರೀನ್ ಫಿಲ್ಟರನ್ನು ಬೇರೆಯಾಗಿ ಕೊಳ್ಳಿ. ವಾರಕ್ಕೊಮ್ಮೆ ಜಾಲರಿ ತೊಳೆಯಿರಿ, ಅದೇ ಹೊತ್ತಿಗೆ ಎಂಡ್ ಕ್ಯಾಪ್ ಬಿಚ್ಚಿ ಬಣ್ಣದ ನೀರು ಹೋಗಿ ತಿಳಿಯಾಗುವ ತನಕ ಬಿಡಿ. ಕಟ್ಟಿದ ಡ್ರಿಪ್ಪರ್‌ಗಳನ್ನು ಬಿಚ್ಚಿ, ಲೀಟರ್ ನೀರಿಗೆ 25 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ರಾತ್ರಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಹೊಸದಾಗುತ್ತವೆ. ಹಿತ್ತಿಲಲ್ಲಿ ಬಿಂಬುಳಿ ಇದ್ದರೆ ಅದರ ಸೋಸಿದ ರಸವೂ ತುಕ್ಕನ್ನು ಬಿಡಿಸುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಸೂಜಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗಿ ಆ ಡ್ರಿಪ್ಪರಿನ ಅಳತೆಯೇ ಹೋಗುತ್ತದೆ.

ಟೈಮರಿನಲ್ಲಿ ಎರಡು ಜಾತಿ. ಸೊಲೆನಾಯ್ಡ್ (ವಿದ್ಯುತ್ ಅಯಸ್ಕಾಂತದ) ವಾಲ್ವಿನ ಅಗ್ಗದ ಟೈಮರ್‌ಗಳಿಗೆ ತೆರೆಯಲು, ಮುಚ್ಚಲು ನೀರಿನ ಒತ್ತಡವೇ ಆಸರೆ. ಟ್ಯಾಂಕಿನ ನೀರಿಗೆ ಸರಿಯಾಗಿ ಮುಚ್ಚದೆ ಸೋರುತ್ತಲೇ ಇರಬಹುದು. ಬಾಲ್ ವಾಲ್ವಿನದು ಮೋಟರಿನಿಂದ ತಿರುಗುವುದರಿಂದ ಒತ್ತಡವೇ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಪೆಟ್ಟಿಗೆಯ ಮೇಲೆ 'ಸೊನ್ನೆ ಬಾರ್‌ನಿಂದ' ಎಂದಿದ್ದರೆ ಅದೇ ಬೇಕಾದದ್ದು. ಆದರೆ ಬಾಲ್ ವಾಲ್ವ್ ತೆರೆದಿರುವಾಗ ಬ್ಯಾಟರಿ ಮುಗಿದರೆ ಅದು ತೆರೆದೇ ಉಳಿಯುತ್ತದೆ. ಮನೆಯ ಪಂಪಿಗೆ ಆಟೊಮ್ಯಾಟಿಕ್ ಕಂಟ್ರೋಲರ್ ಇದ್ದರಂತೂ ಟ್ಯಾಂಕ್ ಇಳಿದ ಹಾಗೆಲ್ಲ ಪಂಪ್ ಚಾಲೂ ಆಗಿ, ಬೆಳಗಾಗುವಾಗ ಬಾವಿಯೇ ಬರಿದು. ನೀರು ಉಳಿಸಲು ಕೊಂಡ ಸಾಮಾನು ಬಾವಿ ಒಣಗಿಸುವುದು ಹೀಗೆ.

ಆದ್ದರಿಂದ ತೋಟಕ್ಕೆಂದೇ 200 ಲೀಟರಿನ ಡ್ರಮ್ ಒಂದನ್ನು ಕಲ್ಲಿನ ಕಟ್ಟೆಯ ಮೇಲೆ, ನೀರಿನ ಮಟ್ಟ ಒಂದೂವರೆ ಮೀಟರಿಗೆ ಬರುವಂತೆ ಇಡುವುದು ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ. ಡ್ರಮ್ ತುಂಬಿಸುವುದು ಕೈಯಿಂದಲೇ ಇರಲಿ. ಏನೇ ಕೆಟ್ಟರೂ ಹೋಗುವುದು 200 ಲೀಟರ್ ಮಾತ್ರ. 8 ಲೀಟರಿನ ಡ್ರಿಪ್ಪರ್ ಈ ಎತ್ತರಕ್ಕೆ ಗಂಟೆಗೆ 3 ಲೀಟರ್ ಕೊಡುತ್ತದೆ, ಡ್ರಮ್ ಖಾಲಿಯಾದಂತೆ ಅದೂ ಇಳಿಯುತ್ತದೆ. 50 ಗಿಡಕ್ಕೆ ಅರ್ಧ ಗಂಟೆಯಿಂದ 40 ನಿಮಿಷ ಸಾಕು. ಟೈಮರಿನ ದುಡ್ಡೂ ಉಳಿಯಿತು. ಡ್ರಮ್ಮಿಗೆ ಮುಚ್ಚಳ ಬಿಗಿಯಾಗಿರಬೇಕು, ಇಲ್ಲವಾದರೆ ಡೆಂಗಿ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತೆ.

ಪ್ರಮಾಣಕ್ಕೆ ಒಂದು ಸೂತ್ರ: ಬೇಸಿಗೆಯಲ್ಲಿ ಎಲೆಯ ಹರವು ಒಂದು ಚದರ ಮೀಟರ್ ಇದ್ದರೆ ದಿನಕ್ಕೆ 4ರಿಂದ 5 ಲೀಟರ್. ಬೆಂಡೆ, ಗುಳ್ಳ, ಮೆಣಸಿಗೆ ಒಂದರಿಂದ ಒಂದೂವರೆ. ಚಪ್ಪರಕ್ಕೆ ಹಬ್ಬಿದ ಬಸಳೆ, ತೊಂಡೆಗೆ ಎರಡು ಡ್ರಿಪ್ಪರ್. ಚೆನ್ನಾಗಿ ಹರಡಿದ ಮಲ್ಲಿಗೆಗೆ 4 ಲೀಟರ್, ಎರಡು ಬದಿಯಿಂದ. ಮಲ್ಪೆ, ಉಳ್ಳಾಲದ ಕಡೆಯ ಹೊಯಿಗೆ ಮಣ್ಣಿನಲ್ಲೂ ಮುರಕಲ್ಲಿನ ಜಲ್ಲಿ ಮಣ್ಣಿನಲ್ಲೂ ನೀರು ಅಗಲಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ. ಅಲ್ಲಿ ಒಂದೇ ಸಲ ಕೊಡುವ ಬದಲು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡಿ. ಡ್ರಿಪ್ಪರನ್ನು ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ದೂರ ಇಡಿ. ನೀರು ಕೊಟ್ಟ ಮರುದಿನ ಬೆಳಿಗ್ಗೆ ಬುಡದ ಬದಿಯಲ್ಲಿ ನಾಲ್ಕು ಇಂಚು ಕೆದಕಿ ನೋಡಿ. ಮಣ್ಣು ಮುಷ್ಟಿಯಲ್ಲಿ ಉಂಡೆಯಾದರೆ ಆ ದಿನ ನೀರು ಬೇಡ.

ಬುಡಕ್ಕೆ ಮೂರು ಇಂಚು ತರಗೆಲೆ ಅಥವಾ ಬೋರಲಾಗಿಟ್ಟ ತೆಂಗಿನ ಸಿಪ್ಪೆ ಮುಚ್ಚದೆ ಈ ಕಿಟ್ ಹಾಕಬೇಡಿ. ಪೈಪ್ ಹೊದಿಕೆಯ ಅಡಿಯಲ್ಲೇ ಹೋಗಲಿ, ಡ್ರಿಪ್ಪರಿನ ಬಾಯಿ ಮಾತ್ರ ಕಾಣುತ್ತಿರಲಿ. ಕಾಣದಿದ್ದರೆ ಕಟ್ಟಿದ್ದು ಗೊತ್ತಾಗುವುದು ಗಿಡ ಬಾಡಿದ ಮೇಲೆ.

ಒತ್ತೊತ್ತಾಗಿ ಬಿತ್ತುವ ಹರಿವೆ, ಕೊತ್ತಂಬರಿಗೆ ಈ ಕಿಟ್ ಆಗುವುದಿಲ್ಲ, ಅಲ್ಲಿ ಹೂಝಾರಿಯೇ ಸರಿ. ತೆಂಗಿಗೂ ಅಲ್ಲ. ಅದಕ್ಕೆ ದಿನಕ್ಕೆ 30 ಲೀಟರಿನ ಆಸುಪಾಸು ಬೇಕು, ಅದೂ ಬುಡದಿಂದ ಒಂದು ಮೀಟರ್ ದೂರದಲ್ಲಿ ನಾಲ್ಕು ಕಡೆ. ಅದಕ್ಕೆ ಬೇರೆಯೇ ಲೈನ್ ಎಳೆಯಬೇಕು.

ಜೋಡಿಸುವಾಗ ಪೈಪಿನ ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಟೀ, ಎಲ್ಬೋ ಸುಲಭವಾಗಿ ಕೂರುತ್ತವೆ. ಪಂಚ್ ತಪ್ಪಿ ಹೊಡೆದ ತೂತಿಗೆ ಬಿರಡೆ ಕಿಟ್ಟಿನಲ್ಲಿ ಇರುವುದಿಲ್ಲ, ಪೈಪ್ ಅಂಗಡಿಯಲ್ಲಿ ಹತ್ತು ಹೆಚ್ಚಿಗೆ ತನ್ನಿ. ಬಿಳಿ ಅಥವಾ ಪಾರದರ್ಶಕ ಸಣ್ಣ ಪೈಪ್ ಬಂದಿದ್ದರೆ ಬದಲಿಸಿ, ಒಳಗೆ ಪಾಚಿ ಕಟ್ಟುತ್ತದೆ, ಬಿಸಿಲಿಗೆ ಬಿರಿಯುತ್ತದೆ.

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಎಲ್ಲವನ್ನೂ ಬಿಚ್ಚಿ, ಲೈನ್ ತೊಳೆದು, ಪೈಪ್ ಸುತ್ತಿ, ಡ್ರಿಪ್ಪರ್‌ಗಳನ್ನು ಡಬ್ಬಿಗೆ ಹಾಕಿಡಿ. ಅಂಗಳದಲ್ಲೇ ಬಿಟ್ಟರೆ ಇರುವೆ ಡ್ರಿಪ್ಪರಿನೊಳಗೆ ಮಣ್ಣು ತುಂಬುತ್ತದೆ, ಇಲಿ ಪೈಪ್ ಕಡಿಯುತ್ತದೆ. ಟೈಮರ್ ಇದ್ದರೆ ಬ್ಯಾಟರಿ ತೆಗೆದಿಡಿ.