ಸಿಂಗಲ್ ಆಕ್ಸಲ್ ಕ್ಯಾರವಾನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಕಳೆದ ವಾರ ಇಲ್ಲೇ ಮೆಲ್ಬೋರ್ನ್‌ನಲ್ಲಿರುವ ಗೆಳೆಯರೊಬ್ಬರು ಸೆಕೆಂಡ್‌ಹ್ಯಾಂಡ್ ಸಿಂಗಲ್ ಆಕ್ಸಲ್ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ, ಒಂದೇ ಅಚ್ಚು ಎರಡೇ ಚಕ್ರದ ಮನೆಗಾಡಿ, ಕೊಳ್ಳಲು ಹೊರಟಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2023ರ ಜನವರಿ. ನಾವಿಬ್ಬರು, ಇಬ್ಬರು ಮಕ್ಕಳು, ಅಂಥದ್ದೇ ಕ್ಯಾರವಾನ್ ಎಳೆದುಕೊಂಡು ಹ್ಯೂಮ್ ಹೆದ್ದಾರಿಯಲ್ಲಿ ಸಿಡ್ನಿ ಕಡೆ ಹೊರಟಿದ್ದೆವು. ಯುರೋವಾ ದಾಟಿ ಬೆನಲ್ಲಾ ಇನ್ನೂ ಬಂದಿರಲಿಲ್ಲ. ಒಂದು ಲಾರಿ ನಮ್ಮನ್ನು ಹಿಂದೆ ಹಾಕಿತು, ಅದರ ಬೆನ್ನಿಗೇ ಢಮ್ ಅಂತ ಸದ್ದು. ಕ್ಯಾರವಾನಿನ ಬಲಗಡೆ ಟೈರ್ ಸಿಡಿದಿತ್ತು. ಹಿಂಭಾಗ ಎಡಕ್ಕೆ ಬಲಕ್ಕೆ ಓಲಾಡಿ ಕಾರಿನ ಬಾಲವನ್ನೇ ಎಳೆಯತೊಡಗಿತು. ಕಾರಿನ ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್ ಬಿಟ್ಟು, ಕ್ಯಾರವಾನಿನ ಬ್ರೇಕ್ ಮಾತ್ರ ಹಿಡಿಯುವ ಕಂಟ್ರೋಲರ್ ಬಟನ್ ಒತ್ತಿದೆ. ಅದೊಂದು ಗೊತ್ತಿದ್ದದ್ದಕ್ಕೆ ಉಳಿದುಕೊಂಡೆವು.

ನಿಲ್ಲಿಸಿ ನೋಡಿದರೆ, ಕಿತ್ತ ರಬ್ಬರ್ ಪಟ್ಟಿ ಚಾಟಿಯ ಹಾಗೆ ಬಡಿದು ಚಕ್ರದ ಮೇಲಿನ ತಗಡು ಹರಿದಿತ್ತು. ಒಳಗೆ ಚಮಚದ ಡ್ರಾಯರ್ ತುಂಬ ಕರಿ ರಬ್ಬರ್ ಪುಡಿ. ಸಿಡಿದದ್ದು ಲಾರಿಗಳು ಓಡುವ ಬದಿಯ ಚಕ್ರ, ಕಾರಿನ ಜಾಕ್ ಅದರ ಕೆಳಗೆ ಹಿಡಿಯಲೇ ಇಲ್ಲ.

ಮಾರಿದವರು ಹೇಳಿದ್ದು: "ಸಿಂಗಲ್ ಹಗುರ, ರಿವರ್ಸ್ ಸುಲಭ, ಎರಡೇ ಟೈರ್ ಖರ್ಚು." ಅದೆಲ್ಲ ನಿಜವೇ. ತೂಕದ ಮಾತು ಮಾತ್ರ ಎತ್ತಲಿಲ್ಲ. ಕ್ಯಾರವಾನಿನ ತೂಕದ ವಿವರವಿರುವ ಪ್ಲೇಟಿನ ಮೇಲೆ ಖಾಲಿ ತೂಕ 1,410 ಕೆಜಿ, ಎಟಿಎಂ, ಅಂದರೆ ಸಾಮಾನು ತುಂಬಿದ ಮೇಲಿನ ಗರಿಷ್ಠ ತೂಕ, 1,710 ಕೆಜಿ. ನಮಗೆ ಉಳಿದದ್ದು ಬರೀ 300 ಕೆಜಿ. ಅದರಲ್ಲಿ ಎರಡು ಟ್ಯಾಂಕಿನ ನೀರೇ 160 ಕೆಜಿ. ಆಮೇಲೆ ವೇಬ್ರಿಡ್ಜ್‌ನಲ್ಲಿ ತೂಗಿದರೆ ಒಟ್ಟು 1,860! ಕಾರಿಗೆ ಜೋಡಿಸುವ ಕೊಂಡಿಯ ಮೇಲೆ ಬೀಳುವ 170 ಕಳೆದರೆ ಒಂದೊಂದು ಟೈರಿನ ಮೇಲೆ 845 ಕೆಜಿ. ಟೈರಿನ ಲೋಡ್ ಇಂಡೆಕ್ಸ್ 101, ಅಂದರೆ 825ಕ್ಕಿಂತ ಹೆಚ್ಚು ಹೊರುವಂತಿಲ್ಲ. ಪಕ್ಕದಲ್ಲೇ 2315 ಎಂಬ ಅಂಕಿ: 2015ರ 23ನೇ ವಾರ ತಯಾರಾದದ್ದು. ತುಳಿಭಾಗ ಹೊಸದರಂತಿದ್ದರೂ ಅದು ಏಳು ವರ್ಷದ ಹಳೇ ರಬ್ಬರ್. ಈ ಲೆಕ್ಕ ಕೊಳ್ಳುವ ದಿನವೇ ಮಾಡಬೇಕಿತ್ತು.

ಟ್ಯಾಂಡಮ್‌ನಲ್ಲಿ, ಅಂದರೆ ಎರಡು ಅಚ್ಚು ನಾಲ್ಕು ಚಕ್ರದ ಕ್ಯಾರವಾನಿನಲ್ಲಿ, ಒಂದು ಟೈರ್ ಹೋದರೆ ಪಕ್ಕದ್ದು ಹೊತ್ತುಕೊಂಡು ರಸ್ತೆಬದಿಯವರೆಗೆ ತಲುಪಿಸುತ್ತದೆ. ಓಲಾಟವೂ ಕಡಿಮೆ. ಹಾಗಂತ ಕಣ್ಣುಮುಚ್ಚಿ ತಗೋಬೇಡಿ. ಅದರ ತೂಕವೇ ಹೆಚ್ಚು, ನಿಮ್ಮ ಕಾರಿನ ಎಳೆಯುವ ಮಿತಿ, ಕೊಂಡಿಭಾರದ ಮಿತಿ ಎರಡನ್ನೂ ಮೊದಲು ನೋಡಿ. ಕೈಯಲ್ಲಿ ತಳ್ಳಿ ತಿರುಗಿಸಲು ಆಗುವುದಿಲ್ಲ, ಬಿಗಿ ತಿರುವಿನಲ್ಲಿ ಟೈರ್ ಸವೆಯುತ್ತದೆ. ಚಕ್ರಗಳ ಮೇಲಿನ ಭಾರ 2,000 ಕೆಜಿ ದಾಟಿದರೆ ಎಲ್ಲ ಚಕ್ರಕ್ಕೂ ಬ್ರೇಕ್, ಜೊತೆಗೆ ಕೊಂಡಿ ಕಳಚಿದರೆ ತಾನಾಗಿ ನಿಲ್ಲಿಸುವ ಬ್ರೇಕ್‌ಅವೇ ಇರಲೇಬೇಕು. ನಾಲ್ಕರಲ್ಲಿ ಒಂದು ಗಾಳಿ ಬಿಟ್ಟರೆ ಗೊತ್ತೇ ಆಗದೆ ಹೋಗಬಹುದು, ಪ್ರೆಶರ್ ಸೆನ್ಸರ್ ಹಾಕಿಸಿ.

ವಾರಾಂತ್ಯಕ್ಕೆ ಹತ್ತಿರದ ಊರಿಗೆ, ಇಬ್ಬರೇ ಹೋಗುವುದಾದರೆ ಸಿಂಗಲ್ ಸಾಕು. ಮಕ್ಕಳನ್ನು ಕೂರಿಸಿಕೊಂಡು ಹ್ಯೂಮ್ ಮೇಲೆ ದೂರ ಹೋಗುವವರಿಗೆ ನಾನು ಟ್ಯಾಂಡಮ್ ಅಂತಲೇ ಹೇಳುತ್ತೇನೆ. ಗೆಳೆಯರು ಅಡ್ವಾನ್ಸ್ ಕೊಟ್ಟಿಲ್ಲ. ಶನಿವಾರ ಇಬ್ಬರೂ ಹೋಗಿ ಮೊದಲು ಪ್ಲೇಟ್ ಓದುತ್ತೇವೆ.