ಬರಪೊಳೆ ರಾಫ್ಟಿಂಗ್: ನದಿಗೆ ಐದು ಸ್ಟಾರ್, ಲೈಫ್ ಜಾಕೆಟ್ಟಿಗೆ ಸೊನ್ನೆ

ನದಿಗೆ ಐದಕ್ಕೆ ಐದು. ಗೈಡ್ ಹುಡುಗರಿಗೂ ಐದಕ್ಕೆ ಐದು. ದುಡ್ಡು ತೆಗೆದುಕೊಂಡ ಆಫೀಸಿಗೆ ಒಂದೇ ಒಂದು, ಅದೂ ಕಾಫಿ ಚೆನ್ನಾಗಿತ್ತು ಅಂತ.

ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಮ್ಯಾನೇಜರಿಗೆ ಏನೂ ಆಗುವುದಿಲ್ಲ. ನಮ್ಮನ್ನು ನೀರಿನಿಂದ ಎಳೆದು ಹಾಕಿದ ಹುಡುಗರ ಕೆಲಸಕ್ಕೇ ಕುತ್ತು. ಮಳೆಗಾಲದಲ್ಲಿ ದಕ್ಷಿಣ ಕೊಡಗಿಗೆ ರಾಫ್ಟಿಂಗಿಗೆ ಹೊರಟವರು ಯಾರ ಹತ್ತಿರ ಬುಕ್ ಮಾಡಿದ್ದರೂ ಇದನ್ನು ಒಮ್ಮೆ ಓದಿಕೊಳ್ಳಿ.

ನನ್ನದು ಮೈಸೂರಿನಲ್ಲಿ ಬ್ಯಾಗ್ ಹೊಲಿಯುವ ಅಂಗಡಿ. ಸ್ಕೂಲ್ ಬ್ಯಾಗು, ಟ್ರೆಕ್ಕಿಂಗ್ ಬ್ಯಾಗು, ಜಿಪ್ ರಿಪೇರಿ. ಬೆಳಗಿನಿಂದ ರಾತ್ರಿವರೆಗೆ ಕೈಯಲ್ಲಿ ನೈಲಾನ್ ಪಟ್ಟಿ, ಬಕಲ್, ದಾರ. ಹಾಗಾಗಿ ಗೆಳೆಯರೆಲ್ಲ ನದಿ ನೋಡಿ ಕೂಗುತ್ತಿದ್ದಾಗ ನನ್ನ ಕಣ್ಣು ಜಾಕೆಟ್ಟಿನ ಹೊಲಿಗೆ ಮೇಲೆ ಹೋಯಿತು.

ಜೊತೆಗಿದ್ದವರು ಹೈಸ್ಕೂಲಿನಿಂದ ಬಂದ ಗೆಳೆಯರು. ಅವರಲ್ಲಿ ಇಬ್ಬರ ವಿಷಯ ಹೇಳಬೇಕು. ಒಬ್ಬರು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಗೆಳೆಯನೇ ಆದರೂ ಎಲ್ಲರೂ ಮೇಷ್ಟ್ರು ಮೇಷ್ಟ್ರು ಅಂತ ಕರೆದು ಬಹುವಚನ ಗಟ್ಟಿಯಾಗಿಬಿಟ್ಟಿದೆ. ಕಡ್ಡಿಯಂಥ ಆಳು, ಈಜು ಬರುವುದಿಲ್ಲ. ಇನ್ನೊಬ್ಬ ಲಾರಿ ಇಟ್ಟಿರುವ ಸಾಹುಕಾರ. ಅವನ ತೂಕ ಕೇಳಬೇಡಿ.

ದಾರಿ ಹುಣಸೂರು, ಗೋಣಿಕೊಪ್ಪಲು, ಪೊನ್ನಂಪೇಟೆ, ಅಲ್ಲಿಂದ ಟಿ. ಶೆಟ್ಟಿಗೇರಿ ಕಡೆಗೆ. ಕೊನೆಯ ತುಂಡು ಕಾಫಿ ತೋಟದೊಳಗೆ ಜೀಪಿನಲ್ಲಿ. ನನ್ನ ಕೇಳಿದರೆ ಆ ಜೀಪ್ ಸವಾರಿಗೇ ಅರ್ಧ ದುಡ್ಡು ವಸೂಲಿ. ಜಿಗಣೆ ಖಂಡಿತ ಹತ್ತುತ್ತದೆ, ಗಲಾಟೆ ಮಾಡಬೇಡಿ.

ಬರಪೊಳೆ ಹುಟ್ಟುವುದು ಬ್ರಹ್ಮಗಿರಿ ಬೆಟ್ಟಗಳಲ್ಲಿ. ಪಶ್ಚಿಮಕ್ಕೆ ಇಳಿದು ಕೇರಳಕ್ಕೆ ಹೋಗಿ ವಳಪಟ್ಟಣಂ ಹೊಳೆ ಸೇರುತ್ತದೆ. ದಾಂಡೇಲಿಯ ಕಾಳಿಯಲ್ಲಿ ಸೂಪಾ ಡ್ಯಾಮಿನಿಂದ ನೀರು ಬಿಟ್ಟಾಗ ರಾಫ್ಟಿಂಗ್. ಇಲ್ಲಿ ಹಾಗಲ್ಲ, ಪೂರಾ ಮಳೆಯದೇ ಆಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಸೀಸನ್. ಮೇಲೆ ಬೆಟ್ಟದಲ್ಲಿ ಒಂದು ಜೋರು ಮಳೆ ಬಿತ್ತೆಂದರೆ ಬೆಳಿಗ್ಗೆ ನೋಡಿದ ನದಿ ಮಧ್ಯಾಹ್ನ ಬೇರೆಯೇ. ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಆಫೀಸಿನವರು ಹೇಳುವುದಿಲ್ಲ. ನಾವು ಹೋದ ದಿನ ರಾತ್ರಿಯಿಡೀ ಮಳೆ ಸುರಿದಿತ್ತು. ನೀರು ಚಹಾ ಬಣ್ಣಕ್ಕೆ ತಿರುಗಿತ್ತು. "ಇವತ್ತು ಹೋಗಬಹುದಾ ಸರ್?" ಅಂತ ಕೇಳಿದೆ. "ನೀರು ಜಾಸ್ತಿ ಇದ್ರೇನೇ ಮಜಾ ಸರ್," ಅಂದ ಮ್ಯಾನೇಜರ್. ತಲೆಗೆ ಸಾವಿರದ ಮುನ್ನೂರು ಕಟ್ಟಿಸಿಕೊಂಡು ಒಂದು ಫಾರಂ ಮುಂದೆ ಇಟ್ಟ. ಪೂರ್ತಿ ಇಂಗ್ಲಿಷ್, ಇರುವೆ ಸಾಲಿನಂಥ ಅಕ್ಷರ. ಏನಾದರೂ ಆದರೆ ನಾವು ಹೊಣೆಯಲ್ಲ ಅನ್ನುವುದೇ ಅದರ ಸಾರ. ಇನ್ಶೂರೆನ್ಸ್ ಇದೆಯಾ ಅಂದಿದ್ದಕ್ಕೆ "ಎಲ್ಲಾ ಇದೆ ಸರ್" ಅಂದ. ಕಾಗದ ತೋರಿಸಲಿಲ್ಲ.

ಈಗ ಜಾಕೆಟ್. ಒಂದು ರಾಶಿ ಹಾಕಿ "ತಗೊಳ್ಳಿ" ಅಂದರು. ಅಳತೆ ನೋಡಿ ಕೊಡುವವರು ಯಾರೂ ಇರಲಿಲ್ಲ. ಕೆಂಪು ಬಣ್ಣ ಬಿಸಿಲಿಗೆ ಬಿಳಚಿ ಗುಲಾಬಿಯಾಗಿತ್ತು. ನೈಲಾನ್ ಹೀಗೆ ಬಿಳಚಿತು ಅಂದರೆ ಒಳಗಿನ ಶಕ್ತಿ ಹೋಗಿದೆ ಅಂತಲೇ ಅರ್ಥ. ಪಟ್ಟಿಗಿಂತ ಮೊದಲು ಹೊಲಿಗೆಯ ದಾರ ಸಾಯುತ್ತದೆ. ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಬಂತು ಕೂಡ. ಮೇಷ್ಟ್ರಿಗೆ ಸಿಕ್ಕಿದ್ದು ಸಾಹುಕಾರನಿಗೆ ಸರಿಹೋಗುವ ಸೈಜು. ಮೂರು ಬಕಲ್‌ಗಳಲ್ಲಿ ನಡುವಿನದಕ್ಕೆ ಒಂದು ಕಡೆಯ ಅರ್ಧವೇ ಇರಲಿಲ್ಲ, ಪ್ಲಾಸ್ಟಿಕ್ ದಾರದಲ್ಲಿ ಗಂಟು ಹಾಕಿದ್ದರು. ಬೇರೆ ಕೊಡಿ ಅಂದೆ. "ಇರೋದೇ ಇಷ್ಟು, ಇನ್ನೆರಡು ಬ್ಯಾಚ್ ನೀರಲ್ಲಿದೆ" ಅಂದರು.

ಜಾಕೆಟ್ ಸರಿಯಾಗಿ ಕೂತಿದೆಯಾ ಅಂತ ನೋಡುವುದು ಸುಲಭ. ಹಾಕಿಕೊಂಡವರ ಭುಜದ ಪಟ್ಟಿ ಹಿಡಿದು ಇನ್ನೊಬ್ಬರು ಜೋರಾಗಿ ಮೇಲಕ್ಕೆ ಎತ್ತಬೇಕು. ಜಾಕೆಟ್ ಗಲ್ಲ ದಾಟಿ ಮೇಲೆ ಬಂದರೆ ಅದು ಸಡಿಲ. ಅಂಥದ್ದು ಹಾಕಿ ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮನುಷ್ಯ ಅದರ ಕೆಳಗೆ ಜಾರುತ್ತಾನೆ. ಇದನ್ನು ತೋರಿಸಿಕೊಟ್ಟಿದ್ದು ನಮ್ಮ ರಾಫ್ಟಿನ ಗೈಡ್, ನೇಪಾಳದ ಹುಡುಗ. ಮೇಷ್ಟ್ರ ಜಾಕೆಟ್ ಎತ್ತಿ ನೋಡಿದ, ಮುಖ ಸಣ್ಣದಾಯಿತು. ತನ್ನ ಹತ್ತಿರ ಇದ್ದ ಹಗ್ಗದ ತುಂಡಿನಿಂದ ಹೊಟ್ಟೆಗೆ ಸುತ್ತಿ ಕಟ್ಟಿದ. ಅವನ ಕೈಲಿ ಆದದ್ದು ಅಷ್ಟೇ.

ಪಾಠವನ್ನೂ ಅವನೇ ಹೇಳಿದ, ಹಿಂದಿಯಲ್ಲಿ. ಸಣ್ಣ ದೋಣಿಯಲ್ಲಿ ಬರುವ ಇನ್ನೊಬ್ಬ ಹುಡುಗ, ಕಯಾಕ್‌ನವನು, ಅಲ್ಲಿಯವನೇ. ನಾವು ಪಿಳಿಪಿಳಿ ಕಣ್ಣು ಬಿಡುವುದನ್ನು ನೋಡಿ ಅವನು ಎಲ್ಲವನ್ನೂ ಕನ್ನಡದಲ್ಲಿ ಮತ್ತೆ ಹೇಳಿದ. "ಬಿದ್ರೆ ನಿಲ್ಲೋಕೆ ಹೋಗ್ಬೇಡಿ ಅಣ್ಣಾ. ಕಾಲು ಬಂಡೆ ಸಂದಿಗೆ ಸಿಕ್ಕಿದ್ರೆ ನೀರು ನಿಮ್ಮನ್ನ ಮಗುಚಿ ಹಾಕುತ್ತೆ. ಅಂಗಾತ ಮಲಗಿ, ಕಾಲು ಮುಂದಕ್ಕೆ, ಹೆಬ್ಬೆರಳು ನೀರಿನ ಮೇಲೆ ಕಾಣ್ಬೇಕು. ರಾಫ್ಟ್ ಕೆಳಗೆ ಸಿಕ್ಕಿದ್ರೆ ಎರಡೂ ಕೈ ಮೇಲಕ್ಕಿಟ್ಟು ಒಂದೇ ದಿಕ್ಕಿಗೆ ಸರೀತಾ ಹೋಗಿ. ಹಗ್ಗ ಎಸೆದ್ರೆ ಎದೆಗೆ ಅವಚಿ ಹಿಡೀರಿ, ಕೈಗೆ ಸುತ್ಕೋಬೇಡಿ." ಇಷ್ಟು ಮಾತಿಗೆ ನಾನು ಇನ್ನೊಂದು ಸಾವಿರ ಕೊಡಲು ತಯಾರಿದ್ದೇನೆ.

ಆರು ಜನರ ರಾಫ್ಟಿಗೆ ಎಂಟು ಜನರನ್ನು ಹತ್ತಿಸಿದರು. ಗೈಡ್ ಬೇರೆ.

ಇಲ್ಲಿನ ರಭಸಗಳಿಗೆಲ್ಲ ಹೆಸರಿದೆ: ಮಾರ್ನಿಂಗ್ ಕಾಫಿ, ಗ್ರಾಸ್‌ಹಾಪರ್, ರಂಬಾ ಸಾಂಬಾ, ವಿಕೆಡ್ ವಿಚ್, ಬಿಗ್ ಬ್ಯಾಂಗ್. ಮೊದಲ ಒಂದೆರಡರಲ್ಲಿ ನಾವು ಚಿಕ್ಕ ಮಕ್ಕಳಾಗಿದ್ದೆವು. ಮುಖಕ್ಕೆ ನೀರು ಬಡಿಯುತ್ತಿತ್ತು, ಸಾಹುಕಾರ ಪ್ರತಿ ಅಲೆಗೂ ದೇವರ ಹೆಸರು ಕೂಗುತ್ತಿದ್ದ, ಎರಡೂ ದಡದಲ್ಲಿ ಕಾಡು ಮಂಜಿನೊಳಗೆ ನಿಂತಿತ್ತು. ಇಂಥ ಜಾಗ ನಮ್ಮ ಮನೆಯಿಂದ ಅರ್ಧ ದಿನದ ದಾರಿಯಲ್ಲಿದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಆಮೇಲೆ ಒಂದು ತಿರುವಿನಲ್ಲಿ ರಾಫ್ಟ್ ಅಡ್ಡ ತಿರುಗಿ ಬಂಡೆಗೆ ಆತುಕೊಂಡಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಬಂಡೆಯ ಕಡೆಗೇ ಹಾರಿ ಭಾರ ಹಾಕಬೇಕು. ಗೈಡ್ "ಹೈ ಸೈಡ್! ಹೈ ಸೈಡ್!" ಅಂತ ಕಿರುಚಿದ. ಆದರೆ ಬಂಡೆ ಮೈಮೇಲೆ ಬಂದಾಗ ಮನುಷ್ಯ ಹಿಂದಕ್ಕೇ ಸರಿಯುತ್ತಾನೆ ಅಲ್ವಾ? ಎಂಟು ಜನರ ಇಕ್ಕಟ್ಟಿನಲ್ಲಿ ಮುಂದಕ್ಕೆ ಹೋಗಲು ಜಾಗವೂ ಇರಲಿಲ್ಲ. ನೀರು ಬರುವ ಕಡೆಯ ಅಂಚು ಮುಳುಗಿತು. ನದಿ ರಾಫ್ಟಿನೊಳಗೆ ನುಗ್ಗಿತು. ಮುಂದಿನ ಕ್ಷಣ ನಾವು ಕೆಳಗೆ, ರಾಫ್ಟ್ ಮೇಲೆ.

ಒಳಗೆ ಕತ್ತಲು. ಸದ್ದು ಇರಲಿಲ್ಲ, ಅಥವಾ ನನ್ನ ಕಿವಿ ಕೆಲಸ ನಿಲ್ಲಿಸಿತ್ತು. ತಲೆ ಎತ್ತಿದರೆ ರಬ್ಬರ್. ಮತ್ತೆ ಎತ್ತಿದೆ, ಮತ್ತೆ ರಬ್ಬರ್. ಯಾರದೋ ಮೊಣಕಾಲು ದವಡೆಗೆ ಬಡಿಯಿತು. ಆಗ ಆ ಹುಡುಗನ ಮಾತು ನೆನಪಾಯಿತು. ಕೈ ಮೇಲಿಟ್ಟೆ, ಒಂದೇ ದಿಕ್ಕಿಗೆ ತಳ್ಳುತ್ತಾ ಹೋದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬೆಳಕು ಕಂಡಾಗ ಮೊದಲು ಒಳಗೆ ಹೋಗಿದ್ದು ಗಾಳಿಯಲ್ಲ, ಅಲೆ.

ಹೊರಗೆ ಬಂದು ನೋಡಿದರೆ ತಲೆಗಳು ಅಲ್ಲಲ್ಲಿ. ಮೇಷ್ಟ್ರ ತಲೆ ಕಾಣಲಿಲ್ಲ. ಕಂಡದ್ದು ಜಾಕೆಟ್. ಗುಲಾಬಿ ಜಾಕೆಟ್ ನೀರಿನ ಮೇಲೆ ಎದ್ದು ನಿಂತಂತೆ ಹೋಗುತ್ತಿತ್ತು, ಅದರೊಳಗಿಂದ ಎರಡು ಕೈ ಮಾತ್ರ ಹೊರಗೆ. ಹಗ್ಗದ ಗಂಟು ಬಿಚ್ಚಿಹೋಗಿ ಜಾಕೆಟ್ ಅವರ ಮುಖಕ್ಕೆ ಮುಸುಕು ಹಾಕಿತ್ತು. ಇನ್ನೊಂದು ರಾಫ್ಟಿನ ಗೈಡ್ ಬಂಡೆ ಮೇಲಿಂದ ಹಗ್ಗದ ಚೀಲ ಎಸೆದ. ಗುರಿ ಸರಿಯಾಗಿಯೇ ಇತ್ತು, ಹಗ್ಗ ಭುಜದ ಮೇಲೇ ಬಿತ್ತು. ಆದರೆ ಕಣ್ಣು ಕಾಣದವರು ಹಿಡಿಯುವುದು ಹೇಗೆ? ಹಗ್ಗ ಜಾರಿತು.

ಕಯಾಕ್ ಹುಡುಗ ಬಂದಿದ್ದು ಆಗ. ಮೂರು ರಾಫ್ಟಿಗೆ ಅವನೊಬ್ಬನೇ. ಅಲೆ ಸೀಳಿಕೊಂಡು ಅಡ್ಡ ಬಂದು, ತನ್ನ ದೋಣಿಯ ಮೂತಿಯನ್ನು ನೇರ ಮೇಷ್ಟ್ರ ಕೈಗೇ ತಾಗಿಸಿದ. ಆ ಕೈಗಳು ಹಿಡಿದವು. ಮುಂದೆ ಇನ್ನೊಂದು ಇಳಿತ ಬಾಯಿ ತೆರೆದು ಕಾದಿತ್ತು. ಅದಕ್ಕೆ ಸ್ವಲ್ಪ ಮೊದಲು ಇಬ್ಬರೂ ದಡ ಮುಟ್ಟಿದರು.

ಮೇಷ್ಟ್ರು ಮರದ ಬುಡದಲ್ಲಿ ಕೂತು ನೀರು ಕಾರಿದರು. ತುಟಿ ನೇರಳೆಯಾಗಿತ್ತು, ಹಲ್ಲು ಕಟಕಟ. ಹೊದಿಸಲು ಒಣ ಬಟ್ಟೆ ಇಲ್ಲ, ಫಸ್ಟ್ ಏಡ್ ಪೆಟ್ಟಿಗೆ ಇಲ್ಲ. ಜೀಪ್ ಇದ್ದದ್ದು ಕೊನೆಯ ಪಾಯಿಂಟಿನಲ್ಲಿ. ಸಾಹುಕಾರ ಒಂದು ಮಾತೂ ಆಡದೆ ಅವರನ್ನು ಬೆನ್ನ ಮೇಲೆ ಹಾಕಿಕೊಂಡು ತೋಟದ ಏರು ಹತ್ತಿದ. ಅವನ ತೂಕದ ಬಗ್ಗೆ ನಾನು ಇನ್ನು ಜೋಕ್ ಮಾಡುವುದಿಲ್ಲ.

ಗೋಣಿಕೊಪ್ಪಲಿನಲ್ಲಿ ಡಾಕ್ಟರು ಎದೆ ಪರೀಕ್ಷೆ ಮಾಡಿದರು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆ ಬಿಟ್ಟೂ ಶುರುವಾಗಬಹುದು, ಕೆಮ್ಮು ಜಾಸ್ತಿಯಾದರೆ, ಉಸಿರು ಕಟ್ಟಿದರೆ ಕೂಡಲೇ ಬನ್ನಿ ಅಂದರು. ಈ ಮಾತನ್ನು ಕಂಪನಿಯವರು ಹೇಳಬೇಕಿತ್ತು. ಅವರು "ಸ್ವಲ್ಪ ಬ್ರಾಂದಿ ಕೊಡಿ, ಸರಿ ಹೋಗ್ತಾರೆ" ಅಂದಿದ್ದರು.

ಸಂಜೆ ನಾನೊಬ್ಬನೇ ಆಫೀಸಿಗೆ ವಾಪಸ್ ಹೋದೆ. ಮ್ಯಾನೇಜರ್ ಬಹಳ ನಯವಾಗಿದ್ದ. "ರಿವರ್ ಅಂದ್ಮೇಲೆ ಇದೆಲ್ಲಾ ಇರುತ್ತೆ ಸರ್. ನಿಮಗೆ ವಿಡಿಯೋ ಫ್ರೀ ಕೊಡ್ತೀನಿ." ನದಿಯ ಮೇಲೆ ನನಗೆ ದೂರಿಲ್ಲ, ನನ್ನ ದೂರು ಜಾಕೆಟ್ಟಿನ ಮೇಲೆ ಅಂದೆ. ರಾಶಿಯಲ್ಲಿ ಹುಡುಕಿ ಅದೇ ಜಾಕೆಟ್ ತೆಗೆದು ಟೇಬಲ್ ಮೇಲೆ ಹಾಕಿದೆ. ಮಾರನೇ ದಿನದ ಬ್ಯಾಚಿಗೆ ಅಂತ ಆಗಲೇ ಒಣಗಲು ಹಾಕಿದ್ದರು! ಆ ಬಕಲ್ ನನಗೆ ಹೋಲ್‌ಸೇಲಿನಲ್ಲಿ ಹತ್ತು ರೂಪಾಯಿ ಒಳಗೆ ಬೀಳುತ್ತದೆ. ಹಾಕಿ ಹೊಲಿಯುವುದು ಹತ್ತು ನಿಮಿಷದ ಕೆಲಸ.

ನದಿಯಲ್ಲಿ ರಾಫ್ಟ್ ಮಗುಚುವುದು ತಪ್ಪಲ್ಲ. ಗೈಡ್ ಹುಡುಗರೂ ಅದನ್ನೇ ಹೇಳಿದರು, ನಾನು ಒಪ್ಪುತ್ತೇನೆ. ಮಗುಚಿದ ಮೇಲೆ ಎಂಟೂ ಜನರ ಮೂಗು ನೀರಿನ ಮೇಲೆ ಇರಬೇಕು, ಅದಕ್ಕೇ ಆ ಸಾವಿರದ ಮುನ್ನೂರು. ಬುಕ್ ಮಾಡುವಾಗ ಊಟ, ಫೋಟೋ ವಿಷಯ ಆಮೇಲೆ ಕೇಳಿ. ರಾಫ್ಟಿಗೆ ಎಷ್ಟು ಜನ, ಕಯಾಕ್ ಎಷ್ಟು ಬರುತ್ತದೆ, ನೀರು ಎಷ್ಟು ಏರಿದರೆ ಟ್ರಿಪ್ ನಿಲ್ಲಿಸುತ್ತೀರಿ ಅಂತ ಕೇಳಿ. ಕೊನೆಯ ಪ್ರಶ್ನೆಗೆ ನಕ್ಕರೆ ಫೋನ್ ಇಟ್ಟುಬಿಡಿ. ಜಾಕೆಟ್ಟನ್ನು ನೀವೇ ಎತ್ತಿ ನೋಡಿ, ಎರಡು ಕಾಲಿನ ನಡುವೆ ಬರುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಬರಪೊಳೆ ಬೇಡವೇ ಬೇಡ. ಮಳೆ ಕಡಿಮೆಯಾದ ಮೇಲೆ ದುಬಾರೆಯಲ್ಲಿ ಕಾವೇರಿ ಶಾಂತವಾಗಿರುತ್ತಾಳೆ, ಅಲ್ಲಿಗೆ ಹೋಗಿ.

ಮೇಷ್ಟ್ರು ಚೆನ್ನಾಗಿದ್ದಾರೆ. ಅವರ ದುಡ್ಡು ಮಾತ್ರ ವಾಪಸ್ ಬಂತು, ನಮ್ಮದು ಬಂದಿಲ್ಲ. ಹೊರಡುವಾಗ ಮ್ಯಾನೇಜರಿಗೆ ಹೇಳಿದ್ದೆ: ಒಂದು ಡಬ್ಬಿ ಬಕಲ್, ಒಂದು ರೀಲು ದಾರ ನಾನೇ ಪಾರ್ಸೆಲ್ ಮಾಡುತ್ತೇನೆ, ಕಾಸು ಬೇಡ, ವಿಳಾಸ ಕಳಿಸಿ. ವಾಟ್ಸಾಪ್ ಮಾಡುತ್ತೇನೆ ಅಂದ. ವಿಡಿಯೋ ಕಳಿಸಿದ್ದಾನೆ, ಹಿಂದೆ ಹಾಡು ಹಾಕಿ. ವಿಳಾಸ ಇನ್ನೂ ಬಂದಿಲ್ಲ.